ಹಳೆಯ ಪೆಟ್ರೋಲ್ ಜೀಪಿನ ಸೆಲ್ಫ್ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ. ಕಾಯಿಲ್ ಬದಲಿಸಬೇಕೇ?

ಈಗಲೇ ಬದಲಿಸಬೇಡಿ. ನಿಮ್ಮ ಸಿಜೆ-3ಬಿ ಜೀಪ್ ಎರಡು ಮಳೆಗಾಲ ಶೆಡ್ಡಿನಲ್ಲೇ ನಿಂತಿತ್ತು, ಸೆಲ್ಫ್ ಚುರುಕಾಗಿ ತಿರುಗುತ್ತದೆ, ಪೆಟ್ರೋಲ್ ಕಾರ್ಬುರೇಟರಿನವರೆಗೆ ಬರುತ್ತದೆ, ಆದರೆ ಪ್ಲಗ್ಗಿನಲ್ಲಿ ಕಿಡಿ ಇಲ್ಲ ಎಂದು ಬರೆದಿದ್ದೀರಿ. ಕಾಯಿಲ್ (ಬ್ಯಾಟರಿಯ ಕರೆಂಟನ್ನು ಕಿಡಿ ಹಾರುವಷ್ಟು ವೋಲ್ಟಿಗೆ ಏರಿಸುವ ಭಾಗ) ಸತ್ತಿದೆ ಎಂದು ಮೆಕ್ಯಾನಿಕ್ ನೋಡಿದ ತಕ್ಷಣ ಹೇಳಿದರಂತೆ. ಸತ್ತಿರಲೂಬಹುದು. ಆದರೆ ನಿಂತ ಗಾಡಿಯಲ್ಲಿ ನಾನು ಮೊದಲು ಅನುಮಾನಿಸುವುದು ಸಿಬಿ ಪಾಯಿಂಟನ್ನು, ಅಂದರೆ ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ) ಒಳಗೆ ಮುಚ್ಚಿ ತೆರೆಯುತ್ತಾ ಕಾಯಿಲ್‌ನ ಕರೆಂಟನ್ನು ಜೋಡಿಸಿ ಕಡಿಯುವ ಸಣ್ಣ ಸ್ವಿಚ್ಚನ್ನು. ತೇವದ ಗಾಳಿಗೆ ಅದರ ಮುಖಗಳ ಮೇಲೆ ಕಣ್ಣಿಗೂ ಕಾಣದಷ್ಟು ತೆಳುವಾದ ಕಿಲುಬು ಕೂರುತ್ತದೆ. ಅಷ್ಟು ಸಾಕು, ಕರೆಂಟ್ ದಾಟುವುದಿಲ್ಲ.

(ನಡುವೆ ಯಾರಾದರೂ ಡೀಸೆಲ್ ಎಂಜಿನ್ ಕೂರಿಸಿದ ಜೀಪಿನವರು ಇದನ್ನು ಓದುತ್ತಿದ್ದರೆ, ಈ ಉತ್ತರ ನಿಮಗಲ್ಲ. ಡೀಸೆಲ್ಲಿನಲ್ಲಿ ಕಿಡಿಯ ಮಾತೇ ಇಲ್ಲ.)

ಬೇಕಾದದ್ದು ಒಂದು ಸಣ್ಣ ಬಲ್ಬು, ಅದಕ್ಕೆ ಎರಡು ವೈರು. ಗಾಡಿ 12 ವೋಲ್ಟಿನದಾದರೆ 12ರ ಬಲ್ಬು, ಹಳೆಯ 6 ವೋಲ್ಟಿನದಾದರೆ 6ರದು. ಗೇರನ್ನು ನ್ಯೂಟ್ರಲ್ಲಿಗೆ ತನ್ನಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಬಲ್ಬಿನ ಒಂದು ವೈರನ್ನು ಎಂಜಿನ್ನಿನ ಬರಿ ಲೋಹಕ್ಕೆ ಕಟ್ಟಿ ಕೀ ಆನ್ ಮಾಡಿ. ಕಾಯಿಲ್ ಮೇಲೆ ಎರಡು ಸಣ್ಣ ತುದಿಗಳಿವೆ: ಒಂದಕ್ಕೆ ಕೀ ಕಡೆಯಿಂದ ವೈರ್ ಬರುತ್ತದೆ, ಇನ್ನೊಂದರಿಂದ ಡಿಸ್ಟ್ರಿಬ್ಯೂಟರಿಗೆ ಹೋಗುತ್ತದೆ. ಬಲ್ಬಿನ ಇನ್ನೊಂದು ವೈರನ್ನು ಮೊದಲು ಕೀ ಕಡೆಯ ತುದಿಗೆ ಮುಟ್ಟಿಸಿ. ಹತ್ತದಿದ್ದರೆ ಕಾಯಿಲ್‌ವರೆಗೆ ಕರೆಂಟೇ ಬಂದಿಲ್ಲ. ಕೀ ಸ್ವಿಚ್ಚು ಮತ್ತು ವೈರುಗಳನ್ನು ನೋಡಿ. ಶೆಡ್ಡಿನಲ್ಲಿ ನಿಂತ ಗಾಡಿಯ ವೈರನ್ನು ಇಲಿ ಬಿಟ್ಟಿರುವುದು ಕಡಿಮೆ.

ಅಲ್ಲಿ ಹತ್ತಿದರೆ ಡಿಸ್ಟ್ರಿಬ್ಯೂಟರ್ ಕಡೆಯ ತುದಿಗೆ ಮುಟ್ಟಿಸಿ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ನಿಜವಾದ ಸುದ್ದಿ ಸಿಗುವುದು ಇಲ್ಲಿ. ಪಾಯಿಂಟ್ ಮುಚ್ಚಿದಾಗ ಬಲ್ಬು ಆರಬೇಕು, ತೆರೆದಾಗ ಹತ್ತಬೇಕು, ಅಂದರೆ ಮಿಣಮಿಣ ಎನ್ನಬೇಕು. ಆರದೆ ಉರಿಯುತ್ತಲೇ ಇದ್ದರೆ ಪಾಯಿಂಟ್ ಮುಚ್ಚಿಯೂ ಕರೆಂಟ್ ದಾಟುತ್ತಿಲ್ಲ. ಹತ್ತದೆಯೇ ಉಳಿದರೆ, ಡಿಸ್ಟ್ರಿಬ್ಯೂಟರಿಗೆ ಹೋಗುವ ವೈರನ್ನು ಕಾಯಿಲ್‌ನಿಂದ ಬಿಚ್ಚಿ ಮತ್ತೆ ನೋಡಿ. ಈಗ ಹತ್ತಿದರೆ ಕಾಯಿಲ್‌ನ ಪ್ರೈಮರಿ ಸುತ್ತು (ಬ್ಯಾಟರಿಯ ಕರೆಂಟ್ ಹರಿಯುವ ತಂತಿಯ ಸುತ್ತು) ಸರಿ ಇದೆ. ಕಂಡೆನ್ಸರ್ (ಪಾಯಿಂಟಿಗೆ ಜೋಡಿಸಿದ, ಅದು ಸುಡದಂತೆ ಕಾಯುವ ಪುಟ್ಟ ಡಬ್ಬಿ) ಶಾರ್ಟ್ ಆಗಿದೆ, ಇಲ್ಲವೇ ಪಾಯಿಂಟ್ ಎಲ್ಲೋ ಬಾಡಿಗೆ ತಾಗಿದೆ, ಇಲ್ಲವೇ ತೆರೆಯುತ್ತಲೇ ಇಲ್ಲ. ಆಗಲೂ ಹತ್ತದಿದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ನಿಜ.

ಪಾಯಿಂಟ್ ಮುಖವನ್ನು ನಯವಾದ ಎಮರಿ ಕಾಗದದಿಂದ ಎರಡು ಸಲ ಉಜ್ಜಿ, ಆಮೇಲೆ ದಪ್ಪ ಬಿಳಿ ಕಾಗದದ ತುಂಡನ್ನು ನಡುವೆ ಸಿಕ್ಕಿಸಿ ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಬರುವುದು ನಿಂತರೆ ಸಾಕು. ಎಣ್ಣೆ ತಾಗಿಸಬೇಡಿ. ನಿಮ್ಮ ಸಿಜೆ-3ಬಿಯ ಹರಿಕೇನ್ ಎಂಜಿನ್ನಿಗೆ ಪಾಯಿಂಟ್ ಅಂತರ 0.020 ಇಂಚು, ಪ್ಲಗ್ ಅಂತರ 0.030 ಇಂಚು.

ನಮ್ಮ ಮನೆಯ ಜೀಪಿಗೆ ಒಮ್ಮೆ ಕಾಯಿಲ್, ಕಂಡೆನ್ಸರ್, ನಾಲ್ಕೂ ಪ್ಲಗ್ ಹೊಸದು ಹಾಕಿಸಿದ್ದೆ. ಒಂದು ವಾರ ಓಡಿ, ಮತ್ತೆ ಮುಷ್ಕರ ಹೂಡಿತು. ಆಗ ಬಲ್ಬು ಹಿಡಿದೆ, ಆರುತ್ತಲೇ ಇರಲಿಲ್ಲ. ಪಾಯಿಂಟ್ ಕನ್ನಡಿಯಂತಿತ್ತು. ಸಿಟ್ಟಿನಲ್ಲಿ ಡಿಸ್ಟ್ರಿಬ್ಯೂಟರ್ ಒಳಗಿನ ಗೇಣುದ್ದವೂ ಇಲ್ಲದ ವೈರನ್ನು ಬೆರಳಿನಿಂದ ಅತ್ತ ತಳ್ಳಿದೆ, ಬಲ್ಬು ಆರಿತು, ಬಿಟ್ಟೆ, ಹತ್ತಿತು. ಮೇಲಿನ ಸಿಪ್ಪೆ ಗಟ್ಟಿಯಾಗಿಯೇ ಇತ್ತು, ಒಳಗಿನ ತಾಮ್ರದ ಎಳೆಗಳು ತುಂಡಾಗಿದ್ದವು. ಹಳೆಯ ಕಾಯಿಲನ್ನು ಮತ್ತೆ ಹಾಕಿ ನೋಡಿದೆ. ಇವತ್ತಿಗೂ ಅದೇ ಓಡುತ್ತಿದೆ.

ಬಲ್ಬು ಸರಿಯಾಗಿ ಮಿಣುಕಿದರೆ ದಪ್ಪ ವೈರುಗಳ ಕಡೆಗೆ ಬನ್ನಿ. ಕಾಯಿಲ್‌ನಿಂದ ಬರುವ ದಪ್ಪ ಎಚ್‌ಟಿ (ಹೆಚ್ಚು ವೋಲ್ಟಿನ) ವೈರನ್ನು ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುವಿನಿಂದ ಕಿತ್ತು, ಪ್ಲಾಸ್ಟಿಕ್ ಹಿಡಿಯ ಇಕ್ಕಳದಲ್ಲಿ ಹಿಡಿದು, ತುದಿಯನ್ನು ಎಂಜಿನ್ನಿನಿಂದ ಕಾಲು ಇಂಚು ದೂರ ಇರಿಸಿ ಸೆಲ್ಫ್ ಹೊಡೆಸಿ. ಪೆಟ್ರೋಲ್ ವಾಸನೆ ಇದ್ದರೆ ಈ ಕೆಲಸ ಬೇಡ. ಬರಿಗೈಯಲ್ಲಂತೂ ಬೇಡವೇ ಬೇಡ, ಅಲ್ಲಿರುವುದು ಸಾವಿರಾರು ವೋಲ್ಟು. ಚಟ್ ಚಟ್ ಎಂದು ನೀಲಿ ಕಿಡಿ ಹಾರಿದರೆ ಕಾಯಿಲ್ ಗಟ್ಟಿಮುಟ್ಟಾಗಿದೆ. ಹಳದಿಯಾಗಿ, ಸೋತಂತೆ ಬಂದರೆ ನನ್ನ ಮೊದಲ ಅನುಮಾನ ಕಂಡೆನ್ಸರ್ ಮೇಲೆ. ಈಗ ಸಿಗುವ ಹೊಸ ಕಂಡೆನ್ಸರುಗಳ ಮೇಲೆ ನನಗೆ ನಂಬಿಕೆ ಕಡಿಮೆ, ಹಾಗಾಗಿ ಹಳೆಯದನ್ನು ಎಸೆಯಬೇಡಿ.

ಅಲ್ಲಿ ನೀಲಿ ಕಿಡಿ, ಪ್ಲಗ್ಗಿನಲ್ಲಿ ಇಲ್ಲ ಎಂದಾದರೆ ಉಳಿದದ್ದು ಕ್ಯಾಪ್, ರೋಟರ್ (ಕ್ಯಾಪಿನೊಳಗೆ ತಿರುಗುತ್ತಾ ಒಂದೊಂದು ಪ್ಲಗ್ ವೈರಿಗೆ ಕಿಡಿ ಕೊಡುವ ತುಂಡು), ಪ್ಲಗ್ ವೈರು. ಕ್ಯಾಪಿನ ಒಳಗೆ ಪೆನ್ಸಿಲ್ಲಿನಲ್ಲಿ ಎಳೆದಂಥ ಕಪ್ಪು ಕೂದಲಗೆರೆ ಇದೆಯೇ ನೋಡಿ. ಕಿಡಿ ಆ ಗೆರೆ ಹಿಡಿದು ಸೋರಿಹೋಗುತ್ತದೆ. ಬರಿ ತೇವವಾದರೆ ಒರೆಸಿ ಬಿಸಿಲಿಗಿಟ್ಟರೆ ಸಾಕು. ವೈರುಗಳನ್ನು ಬಿಚ್ಚಿದ್ದರೆ ಫೈರಿಂಗ್ ಆರ್ಡರ್ (ಸಿಲಿಂಡರುಗಳಲ್ಲಿ ಕಿಡಿ ಹಾರುವ ಸರದಿ) 1-3-4-2, ರೋಟರ್ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ.

ಪರೀಕ್ಷೆ ಮುಗಿದ ಕೂಡಲೇ ಕೀ ಆಫ್ ಮಾಡಿ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಕೀ ಆನ್ ಇದ್ದರೆ ಕಾಯಿಲ್ ಕಾದು ನಿಜವಾಗಿಯೇ ಸುಟ್ಟುಹೋದೀತು. ಎರಡು ವರ್ಷದ ಹಳೆಯ ಪೆಟ್ರೋಲನ್ನು ಹೇಗೂ ಬಸಿದು ಹೊಸದು ಹಾಕಿ. ಬಲ್ಬು ಯಾವ ತುದಿಯಲ್ಲಿ ಏನು ಮಾಡಿತು ಎಂದು ಬರೆಯಿರಿ, ಮುಂದಿನದನ್ನು ನೋಡೋಣ.