ಅಂತರ್ಜಲದ ರಾಸಾಯನಿಕ ಸಾಗಣೆ: 16 ಕೋರ್‌ಗಿಂತ 64 ಕೋರ್ ಯಾಕೆ ವೇಗವಾಗಿಲ್ಲ?

ನಿಮ್ಮ ಸಿಮ್ಯುಲೇಷನ್ 16 ಕೋರ್‌ಗಳಿಂದ 64ಕ್ಕೆ ಹೋದರೂ ವೇಗವಾಗುತ್ತಿಲ್ಲ ಎಂದು ಕೇಳಿದ್ದೀರಿ; 2 ಲಕ್ಷ ಕೋಶಗಳ (ನೆಲವನ್ನು ಲೆಕ್ಕಕ್ಕಾಗಿ ಹೋಳು ಮಾಡಿದ ತುಂಡುಗಳು) ಗ್ರಿಡ್, 10 ರಾಸಾಯನಿಕ ಘಟಕಗಳು ಅಂದಿದ್ದೀರಿ. ಮೊದಲು ಹರಿವಿನ ಭಾಗವನ್ನೇ ಅನುಮಾನಿಸಿ. ಒತ್ತಡಕ್ಕೆ ಕೋಶಕ್ಕೊಂದೇ ಅಜ್ಞಾತ. 64 ಪ್ರಕ್ರಿಯೆಗಳಿಗೆ (ಕೋರ್‌ಗೆ ಒಂದರಂತೆ ಓಡುವ ಪ್ರೋಗ್ರಾಂ ಪ್ರತಿಗಳು) ಹಂಚಿದರೆ ತಲಾ 3,125. ದೊಡ್ಡ ಸಮೀಕರಣಗಳನ್ನು ಸಮಾಂತರವಾಗಿ ಬಿಡಿಸುವ ಪೆಟ್ಸಿ (PETSc) ಲೈಬ್ರರಿಯ (ಅಂತರ್ಜಲದ ಸಿಮ್ಯುಲೇಷನ್ ತಂತ್ರಾಂಶ ಪಿಫ್ಲೋಟ್ರಾನ್ ನಿಂತಿರುವುದು ಇದರ ಮೇಲೆಯೇ) ಸಲಹೆ ಪ್ರಕ್ರಿಯೆಗೆ ಕನಿಷ್ಠ 10,000 ಅಜ್ಞಾತಗಳು. ಅದಕ್ಕಿಂತ ಇಳಿದರೆ ಲೆಕ್ಕಕ್ಕಿಂತ ಎಂಪಿಐ (MPI) ಮೂಲಕ ಪ್ರಕ್ರಿಯೆಗಳು ಪರಸ್ಪರ ಕಳಿಸುವ ಸಂದೇಶಗಳಿಗೇ ಹೊತ್ತು ಹೋಗುತ್ತದೆ. ಬ್ಲಾಕ್ ಜಾಕೋಬಿ ಪ್ರೀಕಂಡಿಷನರ್ (ಪ್ರತಿ ಪ್ರಕ್ರಿಯೆಯ ಭಾಗವನ್ನು ಪ್ರತ್ಯೇಕವಾಗಿ ಬಿಡಿಸಿ ಒಟ್ಟು ಪರಿಹಾರವನ್ನು ಬೇಗ ತಲುಪಿಸುವ ಉಪಾಯ) ಇದ್ದರಂತೂ ಉಪವಲಯಗಳು ಹೆಚ್ಚಿದಂತೆ ಪುನರಾವರ್ತನೆಗಳೂ ಏರುತ್ತವೆ; ಒತ್ತಡಕ್ಕೆ ಮಲ್ಟಿಗ್ರಿಡ್ (ಒರಟು-ನಯ ಗ್ರಿಡ್‌ಗಳನ್ನು ಒಟ್ಟಿಗೆ ಬಳಸಿ ಬಿಡಿಸುವ ವಿಧಾನ) ಹಾಕಿ ನೋಡಿ.

ಸಾಗಣೆಯನ್ನೂ ರಸಾಯನವನ್ನೂ ಬೇರ್ಪಡಿಸಿ ಬಿಡಿಸುತ್ತಿದ್ದರೆ ತೊಂದರೆ ಬೇರೆಡೆ ಇರಬಹುದು. ರಸಾಯನದ ಹಂತದಲ್ಲಿ ಕೋಶಗಳಿಗೆ ಪರಸ್ಪರ ಸಂಬಂಧವಿಲ್ಲ, ಹಾಗಾಗಿ ಸಮಾಂತರಕ್ಕೆ ಹೇಳಿ ಮಾಡಿಸಿದಂತಿದೆ ಅನ್ನಿಸುತ್ತದೆ. ಆದರೆ ಖನಿಜ ಕರಗುವ ಮುಂಚೂಣಿಯಲ್ಲಿರುವ ಕೋಶಗಳಿಗೆ ನ್ಯೂಟನ್ ಪುನರಾವರ್ತನೆ (ಉತ್ತರವನ್ನು ಹಂತಹಂತವಾಗಿ ತಿದ್ದುವ ಸುತ್ತುಗಳು) ಹೆಚ್ಚು ಬೇಕು, ಸಮತೋಲನದಲ್ಲಿರುವ ಕಡೆ ಒಂದೆರಡು ಸಾಕು. ಮುಂಚೂಣಿಯನ್ನು ಹಿಡಿದ ಕೆಲವೇ ಪ್ರಕ್ರಿಯೆಗಳು ದುಡಿಯುತ್ತವೆ, ಉಳಿದವು ಕಾಯುತ್ತವೆ. ರಸಾಯನದ ಹಂತಕ್ಕೆ ಮಾತ್ರ ಕೋಶಗಳನ್ನು ಯಾದೃಚ್ಛಿಕವಾಗಿ ಚದುರಿಸಿ ಹಂಚಿ. ದತ್ತಾಂಶ ಸಾಗಿಸುವ ಖರ್ಚು ಸಾಮಾನ್ಯವಾಗಿ ಅಲ್ಲೇ ವಸೂಲಾಗುತ್ತದೆ. ಕೂರಾಂಟ್ ಸಂಖ್ಯೆ (ಒಂದು ಕಾಲಹಂತದಲ್ಲಿ ನೀರು ದಾಟುವ ಕೋಶಗಳ ಲೆಕ್ಕ) 1 ದಾಟಿಸಬೇಡಿ, ಬೇರ್ಪಡಿಕೆಯ ದೋಷ ಬೆಳೆಯುತ್ತದೆ.

ಯಾವುದು ನಿಮ್ಮ ಸಮಸ್ಯೆ ಎಂದು ತಿಳಿಯಲು ಯಾವ ಹಂತಕ್ಕೆ ಎಷ್ಟು ಸಮಯ ಹೋಯಿತೆಂದು ತೋರಿಸುವ ಪೆಟ್ಸಿಯ ಲಾಗ್ ವ್ಯೂ (-log_view) ವರದಿ ತೆಗೆಯಿರಿ: ರಸಾಯನದ ಸಾಲಿನಲ್ಲಿ ಗರಿಷ್ಠ-ಕನಿಷ್ಠ ಸಮಯದ ಅನುಪಾತ 1ಕ್ಕಿಂತ ಬಹಳ ಮೇಲಿದ್ದರೆ ಹಂಚಿಕೆಯೇ ಅಸಮ.