ಗ್ರಾಫ್‌ಗೆ ಕೂಡದ ಪಾಯಿಂಟ್ ತೆಗೆ ಅಂತಾರೆ ಗೈಡ್. ಡಿಗ್ರಿ ಬರುವ ತನಕ ಸುಮ್ಮನಿರಲಾ, ದೂರು ಕೊಡಲಾ?

ಎರಡನೇ ವರ್ಷದ ಪಿಎಚ್‌.ಡಿ, ಗೆರೆಯಿಂದ ಆಚೆ ನಿಂತ ನಾಲ್ಕು ಪಾಯಿಂಟ್, 'ಎಲ್ಲರೂ ತೆಗೀತಾರೆ' ಅನ್ನುವ ಸುತ್ತಲಿನವರು. ನಿಮ್ಮ ಪ್ರಶ್ನೆಯಲ್ಲಿ ನಾನೇ ಕೂತಿದ್ದೇನೆ ಅನ್ನಿಸಿತು. ಹಾಗಾಗಿ ಮೊದಲು ನನ್ನ ಕತೆ ಹೇಳಿಬಿಡುತ್ತೇನೆ.

ನನ್ನ ಕೆಲಸ ಇದ್ದದ್ದು ಒಂದು ಎನ್‌ಜೈಮ್ ಮೇಲೆ, ಅಂದರೆ ಜೀವಕೋಶದ ರಾಸಾಯನಿಕ ಕ್ರಿಯೆಗಳನ್ನು ಚುರುಕು ಮಾಡುವ ಒಂದು ಪ್ರೋಟೀನ್. ಒಂದು ರಾಸಾಯನಿಕ ಹಾಕಿದರೆ ಆ ಎನ್‌ಜೈಮ್‌ನ ಕೆಲಸ ಎಷ್ಟು ನಿಲ್ಲುತ್ತದೆ ಅಂತ ಅಳೆಯಬೇಕಿತ್ತು. ಆರು ಡೋಸ್, ಒಂದೊಂದಕ್ಕೆ ಮೂರು ರೀಡಿಂಗ್, ದಿನಕ್ಕೆ 18. ನಾಲ್ಕು ದಿನ ಮಾಡಿದೆ, ಒಟ್ಟು 72. ಮೊದಲ ಮೂರು ದಿನ ಗ್ರಾಫ್ ಒಂದೇ ತರಹ ಬಂತು. ಕಡಿಮೆ ಡೋಸ್‌ಗಳಲ್ಲಿ ಅಂಥ ವ್ಯತ್ಯಾಸ ಇಲ್ಲ, ಕೊನೆಯ ಡೋಸ್‌ಗೆ ಬಂದಾಗ ಗೆರೆ ಧಡಕ್ಕನೆ ಕೆಳಗೆ ಬೀಳುತ್ತಿತ್ತು. ಎನ್‌ಜೈಮ್ ಹೆಚ್ಚುಕಡಿಮೆ ನಿಂತೇ ಹೋಗುತ್ತಿತ್ತು. ನಾಲ್ಕನೇ ದಿನ ಹಾಗಾಗಲಿಲ್ಲ. ಕೊನೆಯ ಡೋಸ್‌ನ ಮೂರೂ ರೀಡಿಂಗ್‌ನಲ್ಲಿ ಎನ್‌ಜೈಮ್ ಆರಾಮಾಗಿ ಕೆಲಸ ಮಾಡುತ್ತಲೇ ಇತ್ತು.

ಪಕ್ಕದ ಬೆಂಚಿನ ಸೀನಿಯರ್‌ಗೆ ತೋರಿಸಿದೆ. 'ಪಿಪೆಟ್ (ದ್ರವ ಅಳೆದು ಹಾಕುವ ನಳಿಕೆ) ಕೈಕೊಟ್ಟಿರಬೇಕು, ಆ ಮೂರು ತೆಗೆದುಬಿಡು' ಅಂದರು. ಅವರನ್ನು ದೂರುವುದಿಲ್ಲ, ನನಗೂ ಅದೇ ಬೇಕಾಗಿತ್ತು. ಸ್ಪ್ರೆಡ್‌ಶೀಟ್‌ನಲ್ಲಿ ಆ ಮೂರು ಸಾಲು ಹಿಡಿದು ಡಿಲೀಟ್ ಒತ್ತಿದೆ. ಗೆರೆ ನೆಟ್ಟಗೆ ಕೂತಿತು. ಸೇವ್ ಮಾಡಿದೆ. ಗೈಡ್‌ಗೆ ಆ ಗ್ರಾಫನ್ನು ಮಾತ್ರ ತೋರಿಸಿದೆ. ಪೇಪರ್ ಆಯಿತು, ಥೀಸಿಸ್‌ನ ಒಂದು ಅಧ್ಯಾಯವೂ ಆಯಿತು.

ಒಂದು ವರ್ಷ ಕಳೆದ ಮೇಲೆ ಬೇರೊಂದು ಲ್ಯಾಬಿನ ವಿದ್ಯಾರ್ಥಿಯಿಂದ ಈಮೇಲ್ ಬಂತು. ನಮ್ಮ ಪೇಪರನ್ನು ನಂಬಿ, ಅದೇ ರಾಸಾಯನಿಕದ ಮೇಲೆ ತನ್ನ ಕೆಲಸ ಕಟ್ಟಲು ಹೊರಟಿದ್ದವನು. ಎಂಟು ತಿಂಗಳಾದರೂ ನಮ್ಮ ಫಲಿತಾಂಶ ಅವನಿಗೆ ಬಂದಿರಲಿಲ್ಲ. ಆ ಪತ್ರದಲ್ಲಿ ಸಿಟ್ಟು ಇರಲಿಲ್ಲ. 'ನಾನೇ ಎಲ್ಲೋ ತಪ್ಪು ಮಾಡುತ್ತಿದ್ದೇನೆ ಅನ್ನಿಸುತ್ತದೆ, ನಿಮ್ಮ ಮೂಲ ಡೇಟಾ ಕಳಿಸಿದರೆ ನನ್ನ ಕೈಯ ದೋಷ ಎಲ್ಲಿದೆ ಅಂತ ಗೊತ್ತಾಗುತ್ತದೆ' ಅಂತ ಕೇಳಿದ್ದ. ಎಂಟು ತಿಂಗಳು ಅವನು ತನ್ನ ಕೈಯನ್ನೇ ಅನುಮಾನಿಸಿಕೊಂಡು ಕೂತಿದ್ದ. ಈ ಒಂದು ಸಾಲು ಓದಿದ ದಿನ ನನಗೆ ಊಟ ಸೇರಲಿಲ್ಲ.

ಫೈಲ್ ತೆರೆದೆ. 69 ಸಾಲು ಇತ್ತು.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನ್ನ ತಪ್ಪು ಅಂತ ಕೇಳಿದವರೆಲ್ಲ 'ಓ, ಡೇಟಾ ತೆಗೆದೆಯಾ' ಅನ್ನುತ್ತಾರೆ. ಅದಲ್ಲ. ಪಾಯಿಂಟ್ ಬಿಡುವುದು ಯಾವಾಗಲೂ ಮೋಸ ಅಲ್ಲ. ದ್ರವ ಹಾಕುವ ಸಣ್ಣ ಸಣ್ಣ ಗುಳಿಗಳಿರುವ ಪ್ಲೇಟ್ ಕೆಳಗೆ ಬಿದ್ದಿದ್ದರೆ, ಅದರ ಗುಳಿಯಲ್ಲಿ ಗಾಳಿಯ ಗುಳ್ಳೆ ಕಂಡಿದ್ದರೆ, ಮೆಷಿನ್ ಮಧ್ಯದಲ್ಲಿ ನಿಂತಿದ್ದರೆ, ಆ ರೀಡಿಂಗ್ ಬಿಡಲೇಬೇಕು. ನನ್ನ ತಪ್ಪು ಮೂರು ಪದರದ್ದು. ಒಂದು, ಮೂಲ ಫೈಲ್ ಮೇಲೆಯೇ ಸೇವ್ ಮಾಡಿದೆ. ಬೇರೆ ಹೆಸರಿನಲ್ಲಿ ಒಂದು ನಕಲು ಮಾಡಿ ಅದರಲ್ಲಿ ತೆಗೆದಿದ್ದರೆ ಎರಡು ಸೆಕೆಂಡಿನ ಕೆಲಸ. ಮಾಡಲಿಲ್ಲ. ರೀಡಿಂಗ್ ತೆಗೆಯುವ ಮೆಷಿನ್, ಪ್ಲೇಟ್ ರೀಡರ್‌ನ ಕಂಪ್ಯೂಟರಿನಲ್ಲಿ ಇದ್ದ ಫೈಲ್ ಸಿಗುತ್ತದೆ ಅಂತ ಓಡಿದೆ, ಆ ಕಂಪ್ಯೂಟರನ್ನು ಅಷ್ಟರಲ್ಲಿ ಬದಲಾಯಿಸಿದ್ದರು. ಎರಡು, ತೆಗೆದೆ ಅಂತ ನೋಟ್‌ಬುಕ್‌ನಲ್ಲಿ ಬರೆಯಲಿಲ್ಲ. ಆ ದಿನದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ 'ನಾಲ್ಕನೇ ಪ್ಲೇಟ್, ಸರಿ' ಅಂತ ಮಾತ್ರ ಇತ್ತು. ಆ 'ಸರಿ' ಸುಳ್ಳು. ನಾನು ಬರೆದ ಒಂದೇ ಒಂದು ನೇರ ಸುಳ್ಳು ಅದು, ಅದನ್ನು ಯಾರೂ ಬರೆಯಲು ಹೇಳಿರಲಿಲ್ಲ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಆ ಮೂರು ರೀಡಿಂಗ್ ಉಳಿದವುಗಳಿಗೆ ಕೂಡದಿದ್ದರೂ ಒಂದಕ್ಕೊಂದು ಚೆನ್ನಾಗಿ ಕೂಡುತ್ತಿದ್ದವು. ಕೈ ತಪ್ಪಿದ್ದರೆ ಒಂದು ಮೇಲೆ ಒಂದು ಕೆಳಗೆ ಚದುರಿ ಹೋಗಬೇಕಿತ್ತು ಅಲ್ವಾ? ಮೂರೂ ಒಂದೇ ಮಾತು ಹೇಳುತ್ತಿವೆ ಅಂದರೆ ಅವಕ್ಕೆ ಏನೋ ಕಾರಣ ಇದೆ. 'ಯಾಕೆ ಹೀಗೆ' ಅಂತ ಕೇಳುವುದೇ ನನ್ನ ಕೆಲಸವಾಗಿತ್ತು. ನಾನು 'ಹೇಗೆ ತೆಗೆಯಲಿ' ಅಂತ ಕೇಳಿದೆ.

ಆಮೇಲೆ ಗೈಡ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಕೇಳಿದ್ದು ಒಂದೇ: 'ಆ ಮೂರನ್ನು ನನಗೆ ಯಾಕೆ ತೋರಿಸಲಿಲ್ಲ?' ಉತ್ತರ ಇರಲಿಲ್ಲ.

ಪ್ರಯೋಗವನ್ನು ಮೊದಲಿನಿಂದ ಮಾಡಿದೆವು. ಆ ವಿದ್ಯಾರ್ಥಿಯ ಜೊತೆ ಬಫರ್‌ನಲ್ಲಿ (ಎನ್‌ಜೈಮ್ ಕೆಲಸ ಮಾಡುವ ದ್ರಾವಣ) ಏನೇನಿದೆ ಅನ್ನುವ ಪಟ್ಟಿ ಹೋಲಿಸಿ ನೋಡಿದಾಗ ಸುಳಿವು ಸಿಕ್ಕಿತು. ಅವನ ಬಫರ್‌ನಲ್ಲಿ ಒಂದು ಚೂರು ಡಿಟರ್ಜೆಂಟ್ ಇತ್ತು, ಟ್ರೈಟಾನ್ ಎಕ್ಸ್-100. ನಮ್ಮದರಲ್ಲಿ ಇರಲಿಲ್ಲ. ಈ ಕ್ಷೇತ್ರದವರಿಗೆ ಇಷ್ಟು ಹೇಳಿದರೆ ಸಾಕು. ಉಳಿದವರಿಗೆ: ಕೆಲವು ರಾಸಾಯನಿಕಗಳು ಡೋಸ್ ಜಾಸ್ತಿ ಆದಾಗ ನೀರಿನಲ್ಲಿ ಕರಗದೆ ಸಣ್ಣ ಸಣ್ಣ ಮುದ್ದೆ ಕಟ್ಟುತ್ತವೆ. ಎನ್‌ಜೈಮ್ ಹೋಗಿ ಆ ಮುದ್ದೆಗೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ನೋಡುವವರಿಗೆ ರಾಸಾಯನಿಕವೇ ಎನ್‌ಜೈಮನ್ನು ಹಿಡಿದು ನಿಲ್ಲಿಸಿದ ಹಾಗೆ ಕಾಣುತ್ತದೆ. ಸ್ವಲ್ಪ ಡಿಟರ್ಜೆಂಟ್ ಹಾಕಿದರೆ ಮುದ್ದೆ ಒಡೆಯುತ್ತದೆ, ಪರಿಣಾಮವೂ ಮಾಯ. ನಮ್ಮಲ್ಲಿ ಆದದ್ದು ಅದೇ. ಕೊನೆಯ ಡೋಸ್‌ಗೆ ಗೆರೆ ಧಡಕ್ಕನೆ ಬಿದ್ದದ್ದೇ ಅದರ ಲಕ್ಷಣವಾಗಿತ್ತು. ಪೇಪರಿನ ಮುಖ್ಯ ಮಾತೇ ತಪ್ಪು.

ಹಾಗಾದರೆ ನಾಲ್ಕನೇ ದಿನ ನಾನು ಡಿಟರ್ಜೆಂಟ್ ಇದ್ದ ಬೇರೆ ಬಾಟಲಿಯ ಬಫರ್ ಬಳಸಿದ್ದೆನಾ? ಬಹುಶಃ. ಯಾವ ಬಾಟಲಿ ಅಂತ ಬರೆದಿಲ್ಲ, ಹಾಗಾಗಿ ಇವತ್ತಿಗೂ ಖಚಿತವಾಗಿ ಹೇಳಲಾರೆ. ನಾನು ಅಳಿಸಿದ ಆ ಮೂರು ಸಂಖ್ಯೆಗಳೇ 72ರಲ್ಲಿ ನಿಜ ಹೇಳುತ್ತಿದ್ದವು ಅಂತ ನನ್ನ ನಂಬಿಕೆ. ಸಾಬೀತು ಮಾಡಲು ನನ್ನ ಬಳಿ ಏನೂ ಇಲ್ಲ.

ಪೇಪರ್ ಪ್ರಕಟಿಸಿದ ಪತ್ರಿಕೆಗೆ ನಾವೇ ಪತ್ರ ಬರೆದು ಅದನ್ನು ವಾಪಸ್ ತೆಗೆದುಕೊಂಡೆವು. ಥೀಸಿಸ್‌ನ ಒಂದು ಅಧ್ಯಾಯ ಹೋಯಿತು, ಡಿಗ್ರಿ ಒಂದೂವರೆ ವರ್ಷ ತಡವಾಯಿತು. ಅದು ನನ್ನ ಪಾಲಿನದು, ಸಹಿಸಬಹುದು. ಆ ಹುಡುಗನ ಎಂಟು ತಿಂಗಳನ್ನು ಯಾರು ವಾಪಸ್ ಕೊಡುತ್ತಾರೆ?

ಆ ದಿನಗಳಲ್ಲಿ ಎರಡು ಘಟನೆಗಳನ್ನು ಹುಡುಕಿ ಹುಡುಕಿ ಓದಿದೆ. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾ ಸಂಸ್ಥೆಯ ಭೌತವಿಜ್ಞಾನಿ ಯಾನ್ ಹೆಂಡ್ರಿಕ್ ಶೋನ್ ಪ್ರಕರಣ ಒಂದು. ಬೇರೆ ಬೇರೆ ಪ್ರಯೋಗದ್ದು ಅಂತ ಹೇಳಿದ ಗ್ರಾಫ್‌ಗಳಲ್ಲಿ ಒಂದೇ ರೀತಿಯ ನಾಯ್ಸ್ (ಪ್ರತಿ ಸಲ ಬೇರೆಯಾಗಿಯೇ ಬರಬೇಕಾದ ಸಣ್ಣ ಏರುಪೇರು) ಇದೆ ಅಂತ ಬೇರೆ ವಿಜ್ಞಾನಿಗಳು ಗುರುತಿಸಿದರು. 2002ರಲ್ಲಿ ತನಿಖಾ ಸಮಿತಿ ಕೇಳಿದಾಗ ಸರಿಯಾದ ಲ್ಯಾಬ್ ನೋಟ್‌ಬುಕ್ ಇರಲಿಲ್ಲ, ಮೂಲ ಫೈಲ್‌ಗಳೂ ಇರಲಿಲ್ಲ, ಕಂಪ್ಯೂಟರಿನಲ್ಲಿ ಜಾಗ ಇರಲಿಲ್ಲ ಅನ್ನುವ ಕಾರಣ ಬಂತು. ನಾನು ಅವರ ಹಾಗೆ ಡೇಟಾ ಹುಟ್ಟಿಸಿರಲಿಲ್ಲ. ಆದರೆ ಹೊರಗಿನಿಂದ ನೋಡುವವರಿಗೆ ನಾವಿಬ್ಬರೂ ಕೊಡಬಹುದಾದ ಉತ್ತರ ಒಂದೇ: ಫೈಲ್ ಇಲ್ಲ, ಬರೆದಿಲ್ಲ. ಪ್ರಾಮಾಣಿಕ ತಪ್ಪು ಮಾಡಿದವನಿಗೂ ಮೋಸಗಾರನಿಗೂ ವ್ಯತ್ಯಾಸ ತೋರಿಸುವುದು ಆ ನೋಟ್‌ಬುಕ್ ಒಂದೇ, ಅದನ್ನೇ ನಾನು ಖಾಲಿ ಬಿಟ್ಟಿದ್ದೆ.

ಇನ್ನೊಂದು ಫ್ರಾನ್ಸಿಸ್ ಆರ್ನಾಲ್ಡ್ ಅವರದು. 2018ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರು. 2019ರಲ್ಲಿ ಬಂದ ತಮ್ಮ ಒಂದು ಪೇಪರಿನ ಫಲಿತಾಂಶ ಮತ್ತೆ ಬರುತ್ತಿಲ್ಲ, ನೋಟ್‌ಬುಕ್‌ನಲ್ಲಿ ಮುಖ್ಯ ಪ್ರಯೋಗಗಳ ದಾಖಲೆಯೂ ಮೂಲ ಡೇಟಾವೂ ಇಲ್ಲ ಅಂತ ಗೊತ್ತಾದಾಗ, 2020ರ ಜನವರಿಯಲ್ಲಿ ಅದನ್ನು ವಾಪಸ್ ತೆಗೆದುಕೊಂಡು, ಸರಿಯಾಗಿ ಕೆಲಸ ಮಾಡಲಿಲ್ಲ ಅಂತ ಎಲ್ಲರೆದುರು ಕ್ಷಮೆ ಕೇಳಿದರು. ಅವರ ಗೌರವ ಅದರಿಂದ ಕಡಿಮೆ ಆಗಲಿಲ್ಲ. ನಮ್ಮ ಪತ್ರ ಬರೆಯಲು ನನಗೆ ಧೈರ್ಯ ಬಂದದ್ದು ಅದನ್ನು ಓದಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 'ಪ್ರಾಮಾಣಿಕತೆಯಾ, ಕರಿಯರ್ರಾ' ಅಂತ ನೀವು ತಕ್ಕಡಿ ಹಿಡಿದಿದ್ದೀರಿ. ಆ ತಕ್ಕಡಿಯೇ ತಪ್ಪು ಅಂತ ನನ್ನ ಅಭಿಪ್ರಾಯ. ಸುಮ್ಮನಿರುವುದು, ದೂರು ಕೊಡುವುದು, ಇವೆರಡೇ ದಾರಿ ಅಂತ ಯಾರು ಹೇಳಿದ್ದು? ನೀವು ಇನ್ನೂ ಗೈಡ್‌ಗೆ ಒಂದು ಪ್ರಶ್ನೆಯನ್ನೂ ಕೇಳಿಲ್ಲ. ಇದು ಮೋಸ ಅಂತ ಹೇಳಬೇಡಿ, ಅದು ನಿಮಗೂ ಇನ್ನೂ ಗೊತ್ತಿಲ್ಲ. ಇಷ್ಟು ಕೇಳಿ: 'ಸರ್, ಈ ನಾಲ್ಕು ಪಾಯಿಂಟ್ ಬಿಟ್ಟದ್ದಕ್ಕೆ ಪೇಪರಿನ ಮೆಥಡ್ಸ್ ಭಾಗದಲ್ಲಿ ಏನು ಕಾರಣ ಬರೆಯಲಿ?' ಮೇಡಂ ಆಗಿದ್ದರೆ ಮೇಡಂ ಅನ್ನಿ. ಬರೆಯಬಹುದಾದ ಕಾರಣ ಇದ್ದರೆ ಅವರು ಹೇಳುತ್ತಾರೆ, ನೀವು ಬರೆಯಿರಿ, ಮುಗಿಯಿತು. ಕಾರಣ ಇಲ್ಲದಿದ್ದರೆ ಅದನ್ನು ಬಾಯಿಬಿಟ್ಟು ಹೇಳುವುದು ಅವರಿಗೂ ಕಷ್ಟ. ನಾನು ನೋಡಿದ ಮಟ್ಟಿಗೆ ಹತ್ತರಲ್ಲಿ ಏಳೆಂಟು ಸಲ ಮಾತು ಅಲ್ಲೇ ತಿರುಗುತ್ತದೆ. 'ಹಾಗಾದರೆ ಇರಲಿ, ಇನ್ನೊಂದು ಸಲ ಮಾಡಿ ನೋಡು' ಅನ್ನುತ್ತಾರೆ.

'ಎಲ್ಲರೂ ಮಾಡುತ್ತಾರೆ' ಅನ್ನುವುದನ್ನು ಹಾಗೇ ಒಪ್ಪಬೇಡಿ. 2009ರಲ್ಲಿ ಡೇನಿಯೆಲೆ ಫನೆಲ್ಲಿ ಅನ್ನುವ ಸಂಶೋಧಕರು ಹಲವು ಸಮೀಕ್ಷೆಗಳನ್ನು ಒಟ್ಟು ಹಾಕಿ ನೋಡಿದ್ದರು. ಒಮ್ಮೆಯಾದರೂ ಡೇಟಾ ಹುಟ್ಟಿಸಿದ್ದೇನೆ ಅಥವಾ ತಿರುಚಿದ್ದೇನೆ ಅಂತ ತಾವೇ ಒಪ್ಪಿಕೊಂಡ ವಿಜ್ಞಾನಿಗಳು ಸುಮಾರು ಶೇ 2. ಬೇರೆ ಅನುಮಾನಾಸ್ಪದ ಕೆಲಸಗಳನ್ನು ಒಪ್ಪಿಕೊಂಡವರು ಶೇ 34ರ ತನಕ. ಎಲ್ಲರೂ ಅಲ್ಲ. ಆದರೆ ಎರಡನೇ ಗುಂಪು ಎಷ್ಟು ದೊಡ್ಡದು ನೋಡಿ. ನಾನಿದ್ದದ್ದು ಅಲ್ಲಿ. ಕೆಟ್ಟವರ ಗುಂಪು ಅಲ್ಲ ಅದು, ಅವಸರದವರದು, ಹೆದರಿದವರದು.

ದೂರು ಬೇಡವೇ ಬೇಡ ಅಂತಲ್ಲ. ಇಲ್ಲದ ಸಂಖ್ಯೆ ಬರೆ ಅಂದರೆ, ಮಾಡದ ಪ್ರಯೋಗವನ್ನು ಮಾಡಿದ್ದೇವೆ ಅಂತ ಹಾಕು ಅಂದರೆ, ಅದು ಬೇರೆ ವಿಷಯ. ಆಗ ಸುಮ್ಮನಿರಬೇಡಿ, ಒಬ್ಬರೇ ಹೋಗಲೂ ಬೇಡಿ. ಡೀಡೆರಿಕ್ ಸ್ಟಾಪೆಲ್ ಅನ್ನುವ ಡಚ್ ಮನೋವಿಜ್ಞಾನಿ ವರ್ಷಗಟ್ಟಲೆ ಡೇಟಾ ಹುಟ್ಟಿಸಿ ಪೇಪರ್ ಬರೆದಿದ್ದು 2011ರಲ್ಲಿ ಹೊರಬಂದದ್ದು ಮೂವರು ಕಿರಿಯ ಸಂಶೋಧಕರಿಂದ. ಮೂವರೂ ತಿಂಗಳುಗಟ್ಟಲೆ ಗಮನಿಸಿ, ಪುರಾವೆ ಕೂಡಿಸಿ, ಆಮೇಲೆ ಹೋದರು. ಕೊನೆಗೆ 50ಕ್ಕೂ ಹೆಚ್ಚು ಪೇಪರ್ ವಾಪಸಾದವು. ನೀವೂ ತಾರೀಖು ಸಮೇತ ಬರೆದಿಡಿ, ನಂಬಿಕೆಯ ಇನ್ನೊಬ್ಬ ಅಧ್ಯಾಪಕರ ಹತ್ತಿರ ಮೊದಲು ಮಾತಾಡಿ, ಆಮೇಲೆ ಸಂಸ್ಥೆಯಲ್ಲಿ ಇದಕ್ಕೆ ಅಂತ ಇರುವ ಸಮಿತಿಗೆ ಹೋಗಿ. ನೀವು ಬರೆದದ್ದನ್ನು ನೋಡಿದರೆ ನಿಮ್ಮದು ಆ ಹಂತದ್ದಲ್ಲ ಅನ್ನಿಸುತ್ತದೆ.

ನಾನು ಈಗ ಏನು ಮಾಡುತ್ತೇನೆ ಅಂದರೆ, ಯಾವ ರೀಡಿಂಗ್ ಬಿಡುತ್ತೇನೆ ಅನ್ನುವ ನಿಯಮವನ್ನು ಪ್ರಯೋಗ ಶುರು ಮಾಡುವ ಮೊದಲೇ ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ. ಫಲಿತಾಂಶ ನೋಡಿದ ಮೇಲೆ ಮಾಡುವ ನಿಯಮ ನಿಯಮವೇ ಅಲ್ಲ, ಆಗ ನಮ್ಮ ಆಸೆಯೇ ಪೆನ್ನು ಹಿಡಿದಿರುತ್ತದೆ. ಯಾವ ಟ್ಯೂಬಿನಲ್ಲಿ ಏನಿದೆ ಅಂತ ನನಗೆ ಗೊತ್ತಾಗದ ಹಾಗೆ ಇನ್ನೊಬ್ಬರಿಂದ ಸಂಖ್ಯೆ ಹಾಕಿಸುತ್ತೇನೆ. ಮೆಷಿನ್‌ನಿಂದ ಬಂದ ಫೈಲನ್ನು ಅವತ್ತೇ ಲ್ಯಾಬಿನ ಸರ್ವರ್‌ಗೆ ಹಾಕಿ ಯಾರೂ ತಿದ್ದದ ಹಾಗೆ ಬೀಗ ಹಾಕುತ್ತೇನೆ, ಲೆಕ್ಕವೆಲ್ಲ ನಕಲಿನ ಮೇಲೆ. ಬಾಟಲಿಯ ಬ್ಯಾಚ್ ನಂಬರ್ ಬರೆಯದೆ ಪಿಪೆಟ್ ಮುಟ್ಟುವುದಿಲ್ಲ. ಪಾಯಿಂಟ್ ಬಿಟ್ಟರೆ ಪೇಪರಿನಲ್ಲಿ '72ರಲ್ಲಿ 3 ಬಿಟ್ಟಿದ್ದೇವೆ, ಕಾರಣ ಇದು' ಅಂತ ಬರೆದು, ಬಿಟ್ಟಾಗಿನ ಗ್ರಾಫ್, ಬಿಡದಾಗಿನ ಗ್ರಾಫ್ ಎರಡನ್ನೂ ಕೊಡುತ್ತೇನೆ. ಇದರಿಂದ ನನ್ನ ಪೇಪರ್ ಯಾವುದೂ ತಿರಸ್ಕಾರ ಆಗಿಲ್ಲ. ವಿಮರ್ಶೆ ಮಾಡಿದ ಒಬ್ಬರಂತೂ ಹೀಗೆ ಬಿಟ್ಟ ಪಾಯಿಂಟ್ ಬಗ್ಗೆಯೇ ಒಳ್ಳೆಯ ಪ್ರಶ್ನೆ ಕೇಳಿ ಹೊಸ ಪ್ರಯೋಗ ಮಾಡಿಸಿದರು.

ಗೈಡ್ ಹತ್ತಿರ ನಾಳೆ ಹೋಗಿ. ಇವತ್ತು ಒಂದು ಕೆಲಸ ಇದೆ. ಆ ದಿನದ ಮೂಲ ಫೈಲ್ ಮೆಷಿನ್‌ನಲ್ಲಿ ಇನ್ನೂ ಇದೆಯಾ ಅಂತ ನೋಡಿ, ಇದ್ದರೆ ಈಗಲೇ ಲ್ಯಾಬಿನ ಸರ್ವರ್‌ಗೆ ನಕಲು ಮಾಡಿ. ಆ ನಾಲ್ಕು ಪಾಯಿಂಟ್ ಒಂದಕ್ಕೊಂದು ಕೂಡುತ್ತವಾ, ಚದುರಿವೆಯಾ ಅಂತ ನೋಡಿ. ಕೂಡುತ್ತಿದ್ದರೆ ಆ ದಿನ ಬಳಸಿದ ಬಾಟಲಿಗಳನ್ನು ಯಾರೂ ತೊಳೆಯುವ ಮೊದಲು ಎತ್ತಿಡಿ.