ಟ್ರೇನಿಂಗ್ ವಿಡಿಯೊಗೆ ಸ್ಟೋರಿಬೋರ್ಡ್ ಮಾಡಲು ಯಾವ ಎಐ ಟೂಲ್ ಒಳ್ಳೆಯದು?

ಸ್ಟೋರಿಬೋರ್ಡ್ (ಶೂಟಿಂಗ್‌ಗೆ ಮೊದಲು ದೃಶ್ಯಗಳನ್ನು ಒಂದೊಂದಾಗಿ ತೋರಿಸುವ ಚಿತ್ರಗಳು) ಮಾಡಬೇಕು, ಚಿತ್ರ ಬಿಡಿಸಲು ಬರುವುದಿಲ್ಲ, ಕ್ಲೈಂಟ್‌ಗೆ ಬೇಗ ತೋರಿಸಬೇಕು, ಚಾಟ್‌ಜಿಪಿಟಿ ಸಾಕಾ, ಚಿತ್ರ ಮಾಡಿಕೊಡುವ ಮಿಡ್‌ಜರ್ನಿ ಬೇಕಾ ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಶುರು ಮಾಡಿದವಳು.

ಪೀಣ್ಯದ ಒಂದು ಕಾರ್ಖಾನೆಗೆ ಲೇತ್ (ಲೋಹದ ತುಂಡನ್ನು ತಿರುಗಿಸುತ್ತಾ ಕತ್ತರಿಸಿ ಆಕಾರ ಕೊಡುವ ಮೆಷಿನ್) ಸುರಕ್ಷತೆಯ ವಿಡಿಯೊ ಮಾಡಬೇಕಿತ್ತು. ಐಟಿಐ ಮುಗಿಸಿ ಹೊಸದಾಗಿ ಸೇರುವ ಹುಡುಗರಿಗೆ. ಕಾರ್ಖಾನೆಯವರು ಕೊಟ್ಟ ಎಸ್‌ಒಪಿಯನ್ನು, ಅಂದರೆ ಕೆಲಸದ ಹಂತಗಳನ್ನು ಬರೆದ ದಾಖಲೆಯನ್ನು, ಚಾಟ್‌ಜಿಪಿಟಿಗೆ ಹಾಕಿ ದೃಶ್ಯಗಳಾಗಿ ಒಡೆಸಿದೆ. ಪ್ರತಿ ದೃಶ್ಯಕ್ಕೂ ಮಿಡ್‌ಜರ್ನಿಯಲ್ಲಿ ಚಿತ್ರ ಮಾಡಿಸಿದೆ. ಬೆಳಕು, ನೆರಳು, ಮುಖಭಾವ ಎಲ್ಲ ಅಚ್ಚುಕಟ್ಟು. ಎಚ್‌ಆರ್‌ನವರು ನೋಡಿ ಅಲ್ಲೇ ಓಕೆ ಅಂದರು. ಒಂದು ಭಾನುವಾರ, ಕಾರ್ಖಾನೆಗೆ ರಜೆ ಇದ್ದಾಗ, ನಟನನ್ನು ಕರೆದುಕೊಂಡು ಹೋಗಿ ಶೂಟ್ ಮಾಡಿದೆವು. ಮೆಷಿನ್ ನಿಲ್ಲಿಸಿ ಕೈಗಳ ಶಾಟ್ ತೆಗೆದು, ಓಡುವ ಚಕ್‌ನ (ಲೋಹದ ತುಂಡನ್ನು ಹಿಡಿದು ತಿರುಗಿಸುವ ಭಾಗ) ಶಾಟ್ ಬೇರೆ ತೆಗೆದು, ಎಡಿಟ್‌ನಲ್ಲಿ ಸೇರಿಸಿದೆವು.

ಮೊದಲ ಬಾರಿ ಹಾಕಿ ತೋರಿಸಿದಾಗ ಶಾಪ್ ಫ್ಲೋರ್‌ನ ಫೋರ್‌ಮನ್ ಕೂಡ ಬಂದು ಕೂತಿದ್ದರು. ಒಂದು ನಿಮಿಷವೂ ಆಗಿರಲಿಲ್ಲ, "ನಿಲ್ಸಿ ಮೇಡಂ" ಅಂದರು. "ಲೇತ್ ಮುಂದೆ ಗ್ಲೌಸ್ ಹಾಕ್ಸಿದ್ದೀರಲ್ಲ? ಇದನ್ನ ನೋಡಿ ಕಲಿತ ಹುಡುಗ ಕೈ ಕಳ್ಕೋತಾನೆ."

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ತಿರುಗುವ ಮೆಷಿನ್ ಹತ್ತಿರ, ಅಂದರೆ ಲೇತ್, ಡ್ರಿಲ್ಲಿಂಗ್ ಮೆಷಿನ್ ಇಂಥ ಕಡೆ, ಗ್ಲೌಸ್ ಹಾಕಬಾರದು. ಚಕ್‌ನ ದವಡೆಗೋ ತಿರುಗುವ ಲೋಹದ ತುಂಡಿಗೋ ಬಟ್ಟೆಯ ತುದಿ ಸಿಕ್ಕರೆ ಸಾಕು, ಕೈಯನ್ನೇ ಸುತ್ತಿ ಎಳೆದುಕೊಳ್ಳುತ್ತದೆ. ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಸಡಿಲ ತೋಳು, ಉಂಗುರ, ವಾಚ್ ಎಲ್ಲಕ್ಕೂ ಇದೇ ಮಾತು. ಓಡುತ್ತಿರುವ ಮೆಷಿನ್ ಪರೀಕ್ಷಿಸುವ, ಎಣ್ಣೆ ಬಿಡುವಂಥ ಕೆಲಸ ಮಾಡುವವರು ಮೈಗೆ ಅಂಟಿದಂಥ ಬಟ್ಟೆ ಹಾಕಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 22ನೇ ಸೆಕ್ಷನ್ನಿನಲ್ಲೇ ಬರೆದಿತ್ತು. ಅದೇ ಗ್ಲೌಸ್ ತಗಡು ಹೊರುವಾಗ ಬೇಕೇ ಬೇಕು. ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಅನ್ನುವುದೇ ಆ ವಿಡಿಯೊದ ಪಾಠ ಆಗಬೇಕಿತ್ತು.

ಗ್ಲೌಸ್ ಎಲ್ಲಿಂದ ಬಂತು? ಎಸ್‌ಒಪಿಯಲ್ಲಿ ಇರಲಿಲ್ಲ. ನನ್ನ ಪ್ರಾಂಪ್ಟ್‌ನಲ್ಲೂ ಇರಲಿಲ್ಲ. ಕಾರ್ಖಾನೆಯ ಕೆಲಸಗಾರ ಅಂದ ಕೂಡಲೇ ಟೂಲ್ ತಾನೇ ಹೆಲ್ಮೆಟ್, ಗ್ಲೌಸ್ ಸೇರಿಸಿ ಕೊಟ್ಟಿತ್ತು. ಸುರಕ್ಷತೆಯ ವಿಡಿಯೊ ಅಲ್ವಾ, ಸರಿಯಾಗೇ ಇದೆ ಅಂತ ನಾನು ಮುಂದೆ ಹೋದೆ. ಚಿತ್ರದಲ್ಲಿ ಇದ್ದದ್ದಕ್ಕೆ ನಮ್ಮ ಹುಡುಗ ಅಂಗಡಿಯಿಂದ ಗ್ಲೌಸ್ ತಂದ. ಚಿತ್ರದಲ್ಲಿ ಇದ್ದದ್ದಕ್ಕೆ ನಟ ಹಾಕಿಕೊಂಡ. ಮರುಶೂಟಿಂಗ್ ಖರ್ಚು ನಮ್ಮ ತಲೆಗೇ ಬಂತು. ಮುಂದಿನ ಕೆಲಸವನ್ನು ಆ ಕ್ಲೈಂಟ್ ಬೇರೆಯವರಿಗೆ ಕೊಟ್ಟರು.

ಇದರಲ್ಲಿ ಗ್ಲೌಸ್ ಚಿಕ್ಕ ಭಾಗ. ದೊಡ್ಡ ತಪ್ಪು, ಪೂರ್ತಿ ಮುಗಿದಂತೆ ಕಾಣುವ ಚಿತ್ರವನ್ನು ಅಷ್ಟು ಬೇಗ ಜನರ ಮುಂದೆ ಇಟ್ಟದ್ದು. ಪೆನ್ಸಿಲ್ ಗೀಚನ್ನು ಕೊಟ್ಟರೆ ಜನ ಪ್ರಶ್ನೆ ಕೇಳುತ್ತಾರೆ. ಇದೇನು, ಇವನು ಎಲ್ಲಿ ನಿಂತಿದ್ದಾನೆ, ಕೈಯಲ್ಲಿ ಏನಿದೆ ಅಂತ. ಹೊಳೆಯುವ ಚಿತ್ರ ಕೊಟ್ಟರೆ ಚೆನ್ನಾಗಿದೆ ಅಂತ ಸಹಿ ಹಾಕುತ್ತಾರೆ. 1930ರ ದಶಕದ ಆರಂಭದಲ್ಲಿ ಡಿಸ್ನಿ ಸ್ಟುಡಿಯೊದಲ್ಲಿ ಸ್ಟೋರಿಬೋರ್ಡ್ ಪದ್ಧತಿ ಬೆಳೆದಾಗ ಗೀಚು ಚಿತ್ರಗಳನ್ನು ಹಲಗೆಗೆ ಪಿನ್ ಚುಚ್ಚಿ ಇಡುತ್ತಿದ್ದರು. ಸರಿ ಕಾಣದಿದ್ದರೆ ಕಿತ್ತು ಬೇರೆ ಚುಚ್ಚಬಹುದು. ಕಿತ್ತುಹಾಕಲು ಯಾರಿಗೂ ಮನಸ್ಸು ಬಾರದ ಸ್ಟೋರಿಬೋರ್ಡ್ ಇಟ್ಟುಕೊಂಡು ಏನು ಮಾಡುತ್ತೀರಿ?

ಹಾಗಾಗಿ ಯಾವ ಟೂಲ್ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಚಿತ್ರ ಬಿಡಿಸಲು ಬರದಿರುವುದು ಈ ಕೆಲಸಕ್ಕೆ ಕೊರತೆಯೇ ಅಲ್ಲ. ಕಡ್ಡಿ ಮನುಷ್ಯರನ್ನು ಬಿಡಿಸಿ, ಸಾಕು.

ಎಐ ಬೇಡ ಅಂತ ಹೇಳುತ್ತಿಲ್ಲ, ನಾನು ಈಗಲೂ ಬಳಸುತ್ತೇನೆ. ಆದರೆ ಮೊದಲು ಎರಡು ಕಾಲಂನ ಸ್ಕ್ರಿಪ್ಟ್ ನಾನೇ ಬರೆಯುತ್ತೇನೆ, ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು. ಪಕ್ಕದಲ್ಲಿ ಮೂರನೇ ಕಾಲಂ ಒಂದಿದೆ. ಇದನ್ನು ನೋಡಿದ ಮೇಲೆ ಆ ಹುಡುಗ ಮೆಷಿನ್ ಮುಂದೆ ಏನು ಮಾಡಬೇಕು? ಅಲ್ಲಿ ಬರೆಯಲು ಏನೂ ಹೊಳೆಯದಿದ್ದರೆ ಆ ದೃಶ್ಯವನ್ನೇ ತೆಗೆಯುತ್ತೇನೆ. ಕಂಪನಿಯ ಗೇಟು, ಲೋಗೊ, ನಗುವ ಮುಖಗಳ ದೃಶ್ಯಗಳು ಹೆಚ್ಚಾಗಿ ಇಲ್ಲೇ ಉದುರುತ್ತವೆ. ಆಮೇಲೆ ಸ್ಕ್ರಿಪ್ಟನ್ನು ಚಾಟ್‌ಜಿಪಿಟಿಗೆ ಕೊಟ್ಟು, "ನೀನು ಮೊದಲ ದಿನದ ಆಪರೇಟರ್, ನಿನಗೆ ಅರ್ಥವಾಗದ್ದನ್ನೆಲ್ಲ ಕೇಳು" ಅನ್ನುತ್ತೇನೆ. ಇದರಲ್ಲಿ ಅದು ನಿಜಕ್ಕೂ ಚುರುಕು. ಲೋಹದ ಚಿಪ್ಸ್ ತೆಗೆಯಿರಿ ಅಂತ ಬರೆದಿದ್ದೆ, ಕೈಯಲ್ಲಾ ಬ್ರಷ್‌ನಲ್ಲಾ, ಮೆಷಿನ್ ನಿಲ್ಲಿಸಿಯಾ ಅಂತ ಕೇಳಿತು. ಉತ್ತರವನ್ನು ಮಾತ್ರ ಅದರಿಂದ ತೆಗೆದುಕೊಳ್ಳಬೇಡಿ. ಫೋರ್‌ಮನ್ ಹತ್ತಿರ ಹೋಗಿ ಕೇಳಿ. ನಿಮ್ಮ ಮೆಷಿನ್‌ನ ಎಮರ್ಜೆನ್ಸಿ ಸ್ಟಾಪ್ ಯಾವ ಕಡೆ ಇದೆ ಅಂತ ಯಾವ ಟೂಲ್‌ಗೂ ಗೊತ್ತಿಲ್ಲ.

ವಿಡಿಯೊ ಎಷ್ಟು ನಿಮಿಷ ಆಗುತ್ತದೆ ಅಂತ ಟೂಲ್ ಕೊಡುವ ಲೆಕ್ಕವನ್ನೂ ನಂಬಬೇಡಿ. ಇಂಗ್ಲಿಷ್ ನಿರೂಪಣೆಗೆ ನಿಮಿಷಕ್ಕೆ 130ರಿಂದ 150 ಪದ ಅಂತ ಹಿಡಿಯುತ್ತಾರೆ. ಕನ್ನಡದ ಪದಗಳು ಉದ್ದ, ಒಂದು ನಿಮಿಷದಲ್ಲಿ ಅಷ್ಟು ಪದ ಹಿಡಿಯುವುದಿಲ್ಲ. ಫೋನಿನ ಸ್ಟಾಪ್‌ವಾಚ್ ಇಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿ.

ಮ್ಯಾನೇಜರ್ ಚಿತ್ರ ಬೇಕೇ ಬೇಕು ಅಂದರೆ, ಅನುಮತಿ ಕೇಳಿ ನಿಜವಾದ ಮೆಷಿನ್‌ನ ಫೋಟೊ ಫೋನಿನಲ್ಲಿ ತೆಗೆದು ಅದರ ಮೇಲೆ ಬಾಣ ಹಾಕಿ. ಎಐ ಚಿತ್ರವೇ ಬೇಕು ಅಂದರೆ ಫೋರ್‌ಮನ್ ಸ್ಕ್ರಿಪ್ಟ್‌ಗೆ ಸಹಿ ಹಾಕಿದ ಮೇಲೆ ಮಾಡಿಸಿ, ಮತ್ತೆ ಅವರಿಗೇ ತೋರಿಸಿ. ಎಚ್‌ಆರ್‌ಗೆ ಕಳಿಸುವುದು ಅದರ ನಂತರ.